ಮುಯ್ಯಾಳು ಮತ್ತು ಲ್ಯಾಪ್‌ಟಾಪು

2020ರ ಮಾರ್ಚ್‌ನಲ್ಲಿ, ಲಾಕ್‌ಡೌನಿಗೆ ಎರಡು ದಿನ ಮೊದಲು, ಅಣ್ಣ ಬೆಂಗಳೂರಿನ ಆಫೀಸನ್ನು ಬೆನ್ನಿಗೆ ಹಾಕಿಕೊಂಡು ರಾವಂದೂರಿಗೆ ಬಂದ. ಎಂಟು ವರ್ಷ ಪಿ.ಜಿ. ಊಟ ಉಂಡ ಮಗ ಎದುರಿಗೆ ಕೂತು ಮುದ್ದೆ ಮುರಿಯುವುದೇ ಅವ್ವನಿಗೆ ಹಬ್ಬ.

ತೊಡಕಾದದ್ದು ಆಗಸ್ಟಿನಲ್ಲಿ, ಹೊಗೆಸೊಪ್ಪು ಕೊಯ್ಲಿಗೆ ಬಂದಾಗ. ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ಇದು ಒಂದೇ ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೇರಿಸಿ, ಐದಾರು ದಿನ ಹಗಲುರಾತ್ರಿ ಸೌದೆಯ ಬೆಂಕಿ ಕಾಯಬೇಕು. ಶಾಖ ಏರುಪೇರಾದರೆ ಎಲೆಯ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಅದಕ್ಕೇ ಹಿಂದಿನವರ ಮುಯ್ಯಾಳು ಪದ್ಧತಿ: ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಆ ವರ್ಷ ಕೂಲಿಯವರು ಸಿಗದೆ ಎಲ್ಲರಿಗೂ ಅದು ಮತ್ತೆ ನೆನಪಾಯಿತು.

ಪಕ್ಕದ ಮನೆಯ ಚಿಕ್ಕಪ್ಪ ಬಂದು ಅಪ್ಪನಿಗೆ ಹೇಳಿದರು: "ಹುಡುಗ ಮನೇಲೇ ಅವ್ನಲ್ಲ ಅಣ್ಣಯ್ಯ, ಒಂದಿನ ಕಳ್ಸು." ಹುಡುಗ ಒಳಗೆ ಮೀಟಿಂಗಿನಲ್ಲಿದ್ದ. ಮರುದಿನ ಮುಯ್ಯಿ ತೀರಿಸಲು ಹೋದದ್ದು ಅರವತ್ತು ದಾಟಿದ ಅಪ್ಪ. ನಾನು? ಥೀಸಿಸ್ ನೆಪ ನನಗೂ ಇತ್ತು.

ಅಣ್ಣ ತಪ್ಪು ಮಾಡಿದನೇ? ಬೆಂಗಳೂರಿನಲ್ಲಿದ್ದಾಗ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಅವನ ಪರವಾಗಿ ದೂರವೇ 'ಇಲ್ಲ' ಅನ್ನುತ್ತಿತ್ತು. ಈಗ ಆ ಮಾತನ್ನು ಅವನೇ ಆಡಬೇಕು, ಅದೂ ಮುಖ ನೋಡಿಕೊಂಡು. 1973ರಲ್ಲಿ ಅಮೆರಿಕದ ಜ್ಯಾಕ್ ನಿಲ್ಸ್ 'ಟೆಲಿಕಮ್ಯೂಟಿಂಗ್' ಎಂಬ ಪದ ಟಂಕಿಸಿದಾಗ ಉಳಿಸಹೊರಟದ್ದು ಪ್ರಯಾಣವನ್ನು. ಪ್ರಯಾಣವೇನೋ ಉಳಿಯಿತು. ಆದರೆ ಇಲ್ಲಿ ಕೂತಿರುವ ಮೈ ಯಾರದು, ಸಂಬಳ ಕೊಡುವವರದೋ ಬಾಗಿಲಲ್ಲಿ ನಿಂತವರದೋ?

ಅಣ್ಣ ಎರಡು ಆಳಿನ ಕೂಲಿ ಕೊಡಲು ಹೋದ. ಚಿಕ್ಕಪ್ಪ ತೆಗೆದುಕೊಂಡರು, ಮುಂದಿನ ವರ್ಷ ಕರೆಯಲಿಲ್ಲ. ದುಡ್ಡು ಲೆಕ್ಕ ಮುಗಿಸಿಬಿಟ್ಟಿತ್ತು, ಮುಯ್ಯಿ ಮುಗಿಸುವುದಿಲ್ಲ. ಹಾಗೆಂದು ಮುಯ್ಯಾಳನ್ನು ಅಟ್ಟಕ್ಕೇರಿಸಲೂ ನನಗೆ ಮನಸ್ಸಿಲ್ಲ. ಅದು ಹೊಲವಿದ್ದವರ ನಡುವಿನ ಲೆಕ್ಕ. ಹೊಲವಿಲ್ಲದವರು ಯಾವ ಮುಯ್ಯಿ ಕೇಳಿಯಾರು? ಅವರಿಗೆ ಅಣ್ಣನ ನಗದೇ ಹೆಚ್ಚು ಮರ್ಯಾದೆಯ ವ್ಯವಹಾರ ಅನ್ನಿಸಬಹುದು. ನಮ್ಮ ಬ್ಯಾರನ್ನಿನ ಸಾಲ ತೀರಿದ್ದೂ ಅವನ ಸಂಬಳದಿಂದಲೇ.

ಈಗ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಕರೆಯುತ್ತದೆ. ಹೋದ ಸೋಮವಾರ ನಸುಕಿನಲ್ಲಿ ಅವನನ್ನು ಬಸ್ ಹತ್ತಿಸಲು ಹೋಗಿದ್ದೆ. ಹಾಲಿನ ಕ್ಯಾನ್ ಹಿಡಿದು ಎದುರಾದ ಚಿಕ್ಕಪ್ಪ ಕೇಳಿದರು: "ಹೊರಟ್ಯೇನಪ್ಪ? ಸೊಪ್ಪಿನ ಹೊತ್ಗೆ ಬತ್ತೀಯಾ?" ಅಣ್ಣ ನನ್ನ ಮುಖ ನೋಡಿದ.