ಇಂದಿನ ಧಮ್ಮ ಚಿಂತನೆ: ಮತ ಹಾಕುವ ಮುನ್ನ ನಾಲ್ಕು ಅಗತಿಗಳು



2024ರ ಏಪ್ರಿಲ್ 26ರ ಶುಕ್ರವಾರ, ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಚುನಾವಣೆಯ ಬಗ್ಗೆ ಧಮ್ಮ ಏನು ಹೇಳುತ್ತದೆ, ಬರೆಯಿರಿ ಎಂದು ಗುಂಪಿನಲ್ಲಿ ಹಲವರು ಕೇಳಿದ್ದೀರಿ. ಯಾರಿಗೆ ಹಾಕಬೇಕು ಎಂದು ನಾನು ಬರೆಯುವುದಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕಿ ಹಾಗೆ ಬರೆಯುವಂತೆಯೂ ಇಲ್ಲ. ಚುನಾವಣಾ ಕರ್ತವ್ಯದ ಆದೇಶವೂ ಕೈಗೆ ಬಂದಿದೆ. ಹೇಗೆ ಯೋಚಿಸಬೇಕು ಎಂಬುದಷ್ಟೇ ಇವತ್ತಿನ ವಿಷಯ.

ಮತದಾನ ಬುದ್ಧನ ಸಂಘಕ್ಕೆ ಹೊಸದಲ್ಲ. ವಿನಯಪಿಟಕದ ಚುಲ್ಲವಗ್ಗದಲ್ಲಿ ಇದರ ವಿವರ ಇದೆ. ಭಿಕ್ಷುಗಳ ನಡುವೆ ವಿವಾದ ಎದ್ದು, ಮಾತುಕತೆಯಲ್ಲಿ ಬಗೆಹರಿಯದಿದ್ದರೆ, ಸಲಾಕೆ ಎಂಬ ಸಣ್ಣ ಕಡ್ಡಿಗಳನ್ನು ಹಂಚಿ ಬಹುಮತ ನೋಡುತ್ತಿದ್ದರು. ಗುಟ್ಟಾಗಿ ಹಂಚುವ ಕ್ರಮವೂ ಇತ್ತು. ಒಂದೊಂದು ಪಕ್ಷಕ್ಕೆ ಒಂದೊಂದು ಬಣ್ಣದ ಕಡ್ಡಿ. ಹಂಚುವವನು ಒಬ್ಬೊಬ್ಬ ಭಿಕ್ಷುವಿನ ಹತ್ತಿರ ಹೋಗಿ, ಯಾವ ಕಡ್ಡಿ ಯಾವ ಪಕ್ಷದ್ದು ಎಂದು ತಿಳಿಸಿ, ನಿನಗೆ ಸರಿ ಕಂಡದ್ದನ್ನು ತೆಗೆದುಕೋ, ಯಾರಿಗೂ ತೋರಿಸಬೇಡ ಎನ್ನುತ್ತಿದ್ದ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಮಾತಾಡುವಾಗ ನೆನಪಿಸಿದ್ದು ಇದನ್ನೇ. ಸಭೆ ನಡೆಸುವುದು, ಮತ ಎಣಿಸುವುದು, ಗುಪ್ತವಾಗಿ ಮತ ಹಾಕುವುದು ಈ ನೆಲದ ಭಿಕ್ಷು ಸಂಘಕ್ಕೆ ಗೊತ್ತಿತ್ತು. ನಡುವೆ ಕಳೆದುಕೊಂಡೆವು, ಮತ್ತೆ ಕಳೆದುಕೊಳ್ಳಬಾರದು ಎಂಬುದು ಅವರ ಆತಂಕವಾಗಿತ್ತು.

ಆ ಕಡ್ಡಿ ಹಂಚುವವನಿಗೆ ಐದು ಅರ್ಹತೆ ಇರಬೇಕು ಎಂದು ವಿನಯ ಹೇಳುತ್ತದೆ. ಕಡ್ಡಿ ಯಾರು ತೆಗೆದುಕೊಂಡರು, ಯಾರು ತೆಗೆದುಕೊಂಡಿಲ್ಲ ಎಂಬ ಲೆಕ್ಕ ತಿಳಿದಿರಬೇಕು ಎನ್ನುವುದು ಒಂದು. ಉಳಿದ ನಾಲ್ಕು, ಅವನು ನಾಲ್ಕು ಅಗತಿಗಳಿಗೆ ಹೋಗದವನಾಗಿರಬೇಕು ಎಂಬುದು. ಅಗತಿ ಎಂದರೆ ಹೋಗಬಾರದ ದಾರಿ. ಛಂದ, ದೋಸ, ಮೋಹ, ಭಯ.

ಇದೇ ನಾಲ್ಕನ್ನು ಬುದ್ಧ ಗೃಹಸ್ಥರಿಗೂ ಹೇಳಿದ. ರಾಜಗೃಹದಲ್ಲಿ ಸಿಗಾಲ ಎಂಬ ಯುವಕ ಬೆಳಿಗ್ಗೆ ಎದ್ದು, ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೂ ಕೈಮುಗಿಯುತ್ತಿದ್ದ. ಅವನಿಗೆ ಬುದ್ಧ ಕೊಟ್ಟ ಉಪದೇಶದಲ್ಲಿ, ಮನುಷ್ಯ ಕೆಟ್ಟ ಕೆಲಸಕ್ಕೆ ಇಳಿಯುವುದು ಈ ನಾಲ್ಕು ದಾರಿಯಲ್ಲಿ ಎಂಬ ಮಾತು ಬರುತ್ತದೆ. ಹಾಗಾಗಿ ಇದು ಮನೆ, ಮಕ್ಕಳು, ಹೊಲ, ನೌಕರಿ ಇರುವ ನಮ್ಮಂಥವರಿಗೇ ಹೇಳಿದ್ದು. ಒಂದೊಂದಾಗಿ ನೋಡೋಣ.

ಮೊದಲನೆಯದು ಛಂದ. ಪಕ್ಷಪಾತ, ನಮ್ಮವರು ಎಂಬ ಒಲವು. ನಮ್ಮ ಜಾತಿಯವರು, ನಮ್ಮ ಮಠದ ಭಕ್ತರು, ನಮ್ಮ ಬೀಗರ ಕಡೆಯವರು, ನಮ್ಮ ಮದುವೆಗೆ ಬಂದು ಊಟ ಮಾಡಿ ಹೋದವರು. ಒಲವು ಇರುವುದು ತಪ್ಪಲ್ಲ. ಒಲವೇ ಕಾರಣವಾದಾಗ ಬೇರೆ ಕಾರಣ ಹುಡುಕುವುದನ್ನು ಮನಸ್ಸು ನಿಲ್ಲಿಸಿಬಿಡುತ್ತದೆ. ನಾಯಕನ ಮೇಲಿನ ಭಕ್ತಿಯೂ ಛಂದವೇ. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿ ಆಗಬಹುದು, ರಾಜಕೀಯದಲ್ಲಿ ಅದು ಪತನದ ದಾರಿ, ಕೊನೆಗೆ ಸರ್ವಾಧಿಕಾರದ ದಾರಿ ಎಂದು ಬಾಬಾಸಾಹೇಬರು ಅದೇ ಭಾಷಣದಲ್ಲಿ ಎಚ್ಚರಿಸಿದ್ದಾರೆ. ಅವರು ಯಾವ ಪಕ್ಷದ ಹೆಸರನ್ನೂ ಹೇಳಲಿಲ್ಲ. ಆ ಮಾತು ಎಲ್ಲ ಪಕ್ಷಕ್ಕೂ, ಬಾಬಾಸಾಹೇಬರ ಫೋಟೋ ಹಿಡಿದು ಮತ ಕೇಳುವವರಿಗೂ ಅನ್ವಯ.

ಎರಡನೆಯದು ದೋಸ. ಪಾಳಿಯ ದೋಸ ನಮ್ಮ ಕನ್ನಡದ ದೋಷವಲ್ಲ, ದ್ವೇಷ. ಇವರು ಗೆಲ್ಲಲಿ ಎಂಬುದಕ್ಕಿಂತ ಅವರು ಸೋಲಲಿ ಎಂದು ಹಾಕುವ ಮತ. ನಮ್ಮದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅಭ್ಯರ್ಥಿಗಳೆಲ್ಲ ಪರಿಶಿಷ್ಟರಾದರೂ, ಎಡಗೈಯವರೋ ಬಲಗೈಯವರೋ, ಭೋವಿಯೋ ಲಂಬಾಣಿಯೋ ಎಂಬ ಮಾತು ಹೋಟೆಲಿನ ಬೆಂಚಿನಿಂದ ಸಮುದಾಯ ಭವನದವರೆಗೆ ನಡೆಯುತ್ತದೆ. ಒಳಮೀಸಲಾತಿಯ ಬಗ್ಗೆ ನಿಮ್ಮ ನಿಲುವೇನು ಎಂದು ಅಭ್ಯರ್ಥಿಯನ್ನು ಕೇಳುವುದು ನ್ಯಾಯವಾದ ಪ್ರಶ್ನೆ. ಆ ಕಡೆಯವರು ಬೆಳೆಯಬಾರದು ಎಂದು ಗುಂಡಿ ಒತ್ತುವುದು ದೋಸಾಗತಿ. ಹಾಗೆಯೇ ಕೆಲವರು, ಇದು ಮೀಸಲು ಕ್ಷೇತ್ರ, ನಮಗೇನು, ಯಾರಾದರೂ ಆಗಲಿ ಎನ್ನುತ್ತಾರೆ. ಆ ಉದಾಸೀನದ ಬುಡ ಕೆದಕಿದರೆ ಅಲ್ಲೂ ಇದೇ ಸಿಗುತ್ತದೆ. ಸೀಟು ಮೀಸಲು, ಮತ ಎಲ್ಲರದು. ಗೆದ್ದವರು ಎಲ್ಲರ ಸಂಸದರು.

ಕ್ಷೇತ್ರ ಮೀಸಲಾದ ಮೇಲೆ 2009, 2014, 2019ರಲ್ಲಿ ಮೂರು ಚುನಾವಣೆ ನಡೆದವು. ಮೂರು ಸಲವೂ ಬೇರೆ ಬೇರೆಯವರು ಗೆದ್ದರು. ಇದಕ್ಕೆ ನಮ್ಮ ವಿವೇಕವೂ ಕಾರಣವಿರಬಹುದು, ಬರೀ ಸಿಟ್ಟೂ ಇರಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಳಗಿನಿಂದ ನೋಡಿಕೊಳ್ಳಬೇಕಾದವರು ನಾವು.

ಮೂರನೆಯದು ಮೋಹ. ತಿಳಿಯದೆ, ತಿಳಿದುಕೊಳ್ಳುವ ಗೋಜಿಗೂ ಹೋಗದೆ ಮಾಡುವುದು. ಅಂತೆ ಕಂತೆಗಳ ಸಂತೆ ಈಗ ನಮ್ಮ ಅಂಗೈಯಲ್ಲೇ ಇದೆ. ಒಂದು ಉದಾಹರಣೆ ಭದ್ರಾ ಮೇಲ್ದಂಡೆ ಯೋಜನೆ. 2023ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣದ ಬಗ್ಗೆ ಈಗ ಒಂದೊಂದು ವೇದಿಕೆಯಲ್ಲಿ ಒಂದೊಂದು ಮಾತು. ಕನ್ನಡ ಮೇಷ್ಟ್ರಾಗಿ ನನ್ನ ವಿನಂತಿ ಇಷ್ಟೇ: ಘೋಷಣೆ, ಬಿಡುಗಡೆ, ಖರ್ಚು ಎಂಬ ಮೂರೂ ಬೇರೆ ಬೇರೆ ಪದಗಳು. ಭಾಷಣದಲ್ಲಿ ಯಾವ ಪದ ಬಂತು ಎಂದು ಕಿವಿಗೊಟ್ಟು ಕೇಳಿ. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗದ ಮಾತು ಬಂದಾಗಲೂ ಹಾಗೆಯೇ ಕೇಳಿ.

ಸಂಸದರ ಕೆಲಸ ಏನೆಂದು ತಿಳಿಯದಿರುವುದೂ ಮೋಹವೇ. ಚರಂಡಿ, ಬೀದಿ ದೀಪ ಪಂಚಾಯಿತಿ, ನಗರಸಭೆಯ ಕೆಲಸ. ಕಾನೂನು ಮಾಡುವುದು, ದೇಶದ ಬಜೆಟ್ಟಿಗೆ ಒಪ್ಪಿಗೆ ಕೊಡುವುದು ಅಥವಾ ವಿರೋಧಿಸುವುದು, ಮಂತ್ರಿಗಳನ್ನು ಪ್ರಶ್ನೆ ಕೇಳುವುದು ಸಂಸದರ ಮೊದಲ ಕೆಲಸ. ಇದಲ್ಲದೆ ಕ್ಷೇತ್ರದ ಕಾಮಗಾರಿಗಳಿಗೆ ಶಿಫಾರಸು ಮಾಡಲು ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ನಿಧಿ ಇದೆ. ಹಿಂದೆ ಸಂಸದರಾಗಿದ್ದವರು ಸದನದಲ್ಲಿ ಏನು ಕೇಳಿದರು, ಏನು ಮಾತಾಡಿದರು ಎಂಬುದು ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಹುಡುಕಿಸಿ ನೋಡಿ.

ನಾಲ್ಕನೆಯದು ಭಯ. ಯಾರಿಗೆ ಹಾಕಿದೆವು ಎಂದು ಅವರಿಗೆ ಗೊತ್ತಾಗಿಬಿಡುತ್ತದೆ ಎಂಬ ಭಯ ನಮ್ಮ ಕೇರಿಗಳಲ್ಲಿ ಈಗಲೂ ಇದೆ. ಗುಂಡಿ ಒತ್ತಿದ ಮೇಲೆ ಪಕ್ಕದ ಯಂತ್ರದ ಗಾಜಿನೊಳಗೆ ಒಂದು ಚೀಟಿ 7 ಸೆಕೆಂಡು ಕಾಣುತ್ತದೆ, ನಿಮಗೆ ಮಾತ್ರ. ಆಮೇಲೆ ಅದು ಪೆಟ್ಟಿಗೆಯೊಳಗೆ ಬೀಳುತ್ತದೆ. ಅದರಲ್ಲಿ ನಿಮ್ಮ ಹೆಸರಿರುವುದಿಲ್ಲ. ಒಂದು ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ಲೆಕ್ಕ ಹೊರಗೆ ಬರುತ್ತದೆ, ನಿಜ. ಯಾರು ಯಾರಿಗೆ ಹಾಕಿದರು ಎಂಬುದು ಬರುವುದಿಲ್ಲ. ಯಾರಿಗೆ ಹಾಕಿದೆ ಎಂದು ಬಾಯಿಬಿಡಿಸುವ ಅಧಿಕಾರ ಕಾನೂನಿನ ಪ್ರಕಾರ ಯಾರಿಗೂ ಇಲ್ಲ. ಯಾರಿಗೂ ತೋರಿಸಬೇಡ ಎಂದು ಸಲಾಕೆ ಹಂಚುವವನು ಹೇಳುತ್ತಿದ್ದದ್ದೂ ಈ ಭಯ ಕಳೆಯಲಿಕ್ಕೇ.

ಹಾಗಾದರೆ ಒಬ್ಬ ಅಭ್ಯರ್ಥಿಯನ್ನು ತೂಗಿ ನೋಡುವುದು ಹೇಗೆ? ಕೇಸಪುತ್ತದ ಕಾಲಾಮರು ಬುದ್ಧನ ಮುಂದೆ ಇಟ್ಟದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಬಂದವರೆಲ್ಲ ತಮ್ಮದೇ ಸರಿ, ಉಳಿದವರದು ಸುಳ್ಳು ಎನ್ನುತ್ತಾರೆ, ಯಾರನ್ನು ನಂಬುವುದು ಎಂದು ಅವರು ಕೇಳಿದರು. ಯಾವುದರ ಮೇಲೆ ಮಾತ್ರ ನಂಬಬಾರದು ಎಂದು ಬುದ್ಧ ಹತ್ತು ಆಧಾರಗಳನ್ನು ಎಣಿಸಿದ. ಬಾಯಿಂದ ಬಾಯಿಗೆ ಬಂದ ಮಾತು ಅದರಲ್ಲಿದೆ. ಹೇಳುವವನು ನೋಡಲಿಕ್ಕೆ ಯೋಗ್ಯನಂತೆ ಕಾಣುತ್ತಾನೆ ಎಂಬುದೂ ಇದೆ. ಇವರು ನಮ್ಮ ಗುರುಗಳು ಎಂಬುದೂ ಇದೆ. ಆದ್ದರಿಂದ ಮೇಡಂ ಬರೆದಿದ್ದಾರೆ ಎಂದು ಈ ಸಂದೇಶವನ್ನೂ ನಂಬಬೇಡಿ, ಪರೀಕ್ಷಿಸಿ. ಇವನ ಮಾತು, ನಡತೆ ಲೋಭ, ದ್ವೇಷ, ಮೋಹಗಳನ್ನು ಬೆಳೆಸುತ್ತದೆಯೋ, ಕಡಿಮೆ ಮಾಡುತ್ತದೆಯೋ? ಅದರಿಂದ ಜನಕ್ಕೆ ಹಿತವೋ, ಕೇಡೋ? ಕಾಲಾಮರಿಗೆ ಬುದ್ಧ ಕೊಟ್ಟ ತಕ್ಕಡಿ ಇದು.

ತಕ್ಕಡಿಗೆ ಹಾಕಲು ಸಾಮಾನೂ ಬೇಕು. ಪ್ರತಿಯೊಬ್ಬ ಅಭ್ಯರ್ಥಿಯೂ ನಾಮಪತ್ರದ ಜೊತೆ ಪ್ರಮಾಣಪತ್ರ ಸಲ್ಲಿಸಿರುತ್ತಾರೆ. ತಮ್ಮ, ಸಂಗಾತಿಯ, ಅವಲಂಬಿತರ ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ, ಓದು, ತಮ್ಮ ಮೇಲಿರುವ ಕ್ರಿಮಿನಲ್ ಪ್ರಕರಣ ಎಲ್ಲ ಅದರಲ್ಲಿ ಇರಬೇಕು. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ನಮಗೆ ದಕ್ಕಿದ ಹಕ್ಕು ಇದು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಪ್ರಕರಣ ಇದೆ ಎಂದ ಕೂಡಲೇ ಕೆಟ್ಟವರು ಎನ್ನಬೇಡಿ. ರೈತರ ಧರಣಿಯಲ್ಲಿ ರಸ್ತೆ ತಡೆದದ್ದಕ್ಕೂ ಪ್ರಕರಣವಾಗುತ್ತದೆ, ಮೋಸ ಮಾಡಿದ್ದಕ್ಕೂ ಆಗುತ್ತದೆ. ಯಾವ ಪ್ರಕರಣ, ವಿಚಾರಣೆ ಬಾಕಿಯೋ, ಶಿಕ್ಷೆ ಆಗಿದೆಯೋ ಎಂದು ಓದಿ. ಎಲ್ಲ ನೋಡಿದ ಮೇಲೂ ಯಾರೂ ಯೋಗ್ಯರಲ್ಲ ಎನಿಸಿದರೆ, 2013ರಿಂದ ಯಂತ್ರದ ಕೊನೆಯಲ್ಲಿ ನೋಟಾ ಗುಂಡಿಯೂ ಇದೆ. ಓದದೆ, ಯೋಚಿಸದೆ ಬೇಸರಕ್ಕೆ ಒತ್ತುವ ನೋಟಾ ಮಾತ್ರ ಮತ್ತೊಂದು ಮೋಹ.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಹೊಳಲ್ಕೆರೆ ಕಡೆಯ ಒಬ್ಬ ಅಕ್ಕ ಕೇಳಿದರು: "ಮೇಡಂ, ಹಿಂದಿನ ಒಂದು ಚುನಾವಣೇಲಿ ದುಡ್ಡು ಕೊಟ್ಟು ದೇವರ ಮೇಲೆ ಆಣೆ ಮಾಡಿಸಿಕೊಂಡ್ರು. ಈಗಲೂ ಬರ್ತಾರೆ. ಆಣೆ ಮಾಡಿ ಬೇರೆಯವರಿಗೆ ಹಾಕಿದ್ರೆ ಸುಳ್ಳು ಹೇಳಿದಂಗಲ್ವಾ? ನಾಲ್ಕನೇ ಶೀಲ ಮುರಿದಂಗಲ್ವಾ?"

ಈ ಪ್ರಶ್ನೆಯನ್ನು ನಗಬೇಡಿ. ಶೀಲದ ಬಗ್ಗೆ ಇಷ್ಟು ಕಾಳಜಿ ಇರುವವರು ನಮ್ಮಲ್ಲಿ ಎಷ್ಟು ಜನ? ದುಡ್ಡು ತೆಗೆದುಕೊಂಡವರನ್ನು ಹಳಿಯಲೂಬೇಡಿ. ನರೇಗಾ ಕೂಲಿ 2024ರ ಏಪ್ರಿಲ್‌ನಲ್ಲಿ ದಿನಕ್ಕೆ 349 ರೂಪಾಯಿ ಆಗಿತ್ತು. ಬರಗಾಲದ ಬೇಸಿಗೆಯಲ್ಲಿ, ಕೆಲಸವೇ ಇಲ್ಲದ ದಿನ, ಬಾಗಿಲಿಗೆ ಬಂದ 500ರ ನೋಟು ಸಣ್ಣದಲ್ಲ.

ಅಕ್ಕನಿಗೆ ನಾನು ನೀರುಗಂಟಿಯ ಉದಾಹರಣೆ ಹೇಳಿದೆ. ಕೆರೆಯ ತೂಬು ಎತ್ತುವುದು ಅವನ ಕೈಯಲ್ಲಿದೆ, ನೀರು ಅವನದಲ್ಲ, ಊರಿನದು. ಒಬ್ಬ ಜಮೀನುದಾರ ದುಡ್ಡು ಕೊಟ್ಟು, ನೀರೆಲ್ಲ ನನ್ನ ಗದ್ದೆಗೇ ಬಿಡುತ್ತೇನೆಂದು ಆಣೆ ಮಾಡಿಸಿಕೊಂಡ ಎನ್ನಿ. ಆಣೆ ಉಳಿಸಿಕೊಳ್ಳಲು ನೀರುಗಂಟಿ ಕೆಳಗಿನ ಗದ್ದೆಗಳನ್ನು ಒಣಗಿಸಿದರೆ ಅವನು ಸತ್ಯವಂತ ಆಗುತ್ತಾನೆಯೇ? ತನ್ನದಲ್ಲದ್ದನ್ನು ಮಾರಿದ್ದು ಮೊದಲ ತಪ್ಪು. ಅದನ್ನು ಉಳಿಸಿಕೊಳ್ಳಲು ಇನ್ನೊಂದು ತಪ್ಪು ಬೇಡ. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಂಚಿ ಕುಡಿಯುವ ನೀರಿನ ಬೆಲೆ ಹಿರಿಯೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮತವೂ ಅಂಥದ್ದೇ. ಕೈ ನಮ್ಮದು, ಫಲ ಊರಿನದು.

ಹಾಗಂತ, ಎಲ್ಲರ ಹತ್ತಿರ ದುಡ್ಡು ತಗೊಳ್ಳಿ, ಬೇಕಾದವರಿಗೆ ಹಾಕಿ ಎನ್ನುವ ಜಾಣತನದ ಮಾತನ್ನು ಪಂಚಶೀಲ ಹಿಡಿದ ನಾವು ಒಪ್ಪಲಾಗದು. ಮೋಸ ಮಾಡುವ ಉದ್ದೇಶದಿಂದಲೇ ಕೈ ಚಾಚಿದಂತಾಗುತ್ತದೆ. ಕಮ್ಮ ಎಂದರೆ ಚೇತನ, ಅಂದರೆ ಉದ್ದೇಶ, ಎಂದು ಬುದ್ಧ ಹೇಳಿದ್ದನ್ನು ಹಿಂದಿನ ಪಾಠಗಳಲ್ಲಿ ಓದಿದ್ದೇವೆ. ಕಾನೂನಿನಲ್ಲೂ ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ತಪ್ಪಿತಸ್ಥರು. ಆದ್ದರಿಂದ ನಾಲ್ಕನೇ ಶೀಲದ ಪರೀಕ್ಷೆ ಶುಕ್ರವಾರ ಬೂತಿನಲ್ಲಿ ಅಲ್ಲ, ಅದಕ್ಕೂ ಮೊದಲು ಮನೆಯ ಬಾಗಿಲಲ್ಲಿ. "ಬೇಡಣ್ಣ, ನಾವು ಶೀಲ ಹಿಡಿದವರು, ಆಣೆ ಮಾಡಲ್ಲ" ಎಂದರೆ ಸಾಕು. ಒಬ್ಬರೇ ಹೇಳಲು ಅಂಜಿಕೆಯಾದರೆ ನಾಲ್ಕು ಮನೆಯವರು ಸೇರಿ ಹೇಳಿ. ಸಂಘ ಇರುವುದೇ ಅದಕ್ಕೆ.

ನಮ್ಮ ಒಂದು ಮತದಿಂದ ಏನಾದೀತು ಎಂದು ಕೇಳುವವರಿಗೆ ಬ್ರಹ್ಮಗಿರಿಯ ಬಂಡೆ ಉತ್ತರ ಕೊಡುತ್ತದೆ. ನಮ್ಮದೇ ಕ್ಷೇತ್ರದ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಆ ಶಾಸನವನ್ನು ಅಶೋಕ ಇಸಿಲದ ಅಧಿಕಾರಿಗಳಿಗೆ ಬರೆಸಿ ಕಳಿಸಿದ. ಧಮ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಅದರ ಸಾರ. ಸಣ್ಣವರ ಶ್ರಮ ಲೆಕ್ಕಕ್ಕೆ ಬರುತ್ತದೆ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಜಿಲ್ಲೆಯ ಕಲ್ಲಿನಲ್ಲಿ ಕೊರೆದರು. ಸಂವಿಧಾನ ಅದನ್ನೇ ಒಬ್ಬರಿಗೆ ಒಂದು ಮತ ಎಂದು ಬರೆಯಿತು.

ಇಂದಿನ ಅಭ್ಯಾಸ: ಗುರುವಾರ ರಾತ್ರಿ ಹತ್ತು ನಿಮಿಷ ಸುಮ್ಮನೆ ಕುಳಿತು ಉಸಿರನ್ನು ಗಮನಿಸಿ. ಮನಸ್ಸು ತಿಳಿಯಾದ ಮೇಲೆ ನೀವು ಆರಿಸಿಕೊಂಡ ಹೆಸರನ್ನು ನೆನೆದು, ಇವರಿಗೇ ಏಕೆ ಎಂದು ಕೇಳಿಕೊಳ್ಳಿ. ಉತ್ತರದಲ್ಲಿ ಛಂದ, ದೋಸ, ಮೋಹ, ಭಯ ಬಿಟ್ಟು ಒಂದಾದರೂ ಕಾರಣ ಉಳಿದರೆ, ಬೆಳಿಗ್ಗೆ ನೆಮ್ಮದಿಯಾಗಿ ಹೋಗಿ ಮತ ಹಾಕಿ. ಉಳಿಯದಿದ್ದರೆ ಪ್ರಮಾಣಪತ್ರಗಳನ್ನು ಇನ್ನೊಮ್ಮೆ ತೆಗೆದು ಓದಿ. ಮತದಾನ ಸಂಜೆ 6ರವರೆಗೂ ಇದೆ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ, ಜೈ ಭೀಮ್.