ಮೂರನೆಯ ಕೂಗು

ಹರಾಜಿಗೆ ನಮ್ಮ ಅನ್ನೂರಿನ ಕಡೆ ಏಲಂ ಎನ್ನುತ್ತಾರೆ. ಮಲಯಾಳದಲ್ಲಿ ಅದು ಲೇಲಂ. ಹೆಸರು ಬೇರೆಯಾದರೂ ಕೂಗುವ ಕ್ರಮ ಒಂದೇ. ತಮಿಳಿನವರು ಒರು ತರಂ, ರೆಂಡು ತರಂ, ಮೂಣು ತರಂ ಎಂದರೆ ಮಲಯಾಳದವರದೂ ಹೆಚ್ಚುಕಡಿಮೆ ಅದೇ ಮಾತು; ನಾವು ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನುತ್ತೇವೆ. ಎಲ್ಲರೂ ಮೂರಕ್ಕೇ ನಿಂತದ್ದು ಏಕೆಂದು ಚಿಕ್ಕಂದಿನಲ್ಲಿ ನಾನು ಯೋಚಿಸಿದವನಲ್ಲ. ಅರುವತ್ತು ದಾಟಿದ ಮೇಲೆ ಒಂದು ಪುಸ್ತಕದ ದೆಸೆಯಿಂದ ಯೋಚಿಸಬೇಕಾಗಿ ಬಂತು.

ನಮ್ಮದು ಅನ್ನೂರಿಗೆ ಹತ್ತಿರದ ಹಳ್ಳಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮವರಲ್ಲಿ ಬಹುಮಂದಿ ಕನ್ನಡವನ್ನು ಆಡಬಲ್ಲರು, ಓದಲಾರರು. ನಾನು ಸೋದರಮಾವನ ಮನೆಯಲ್ಲಿದ್ದು ಚಾಮರಾಜನಗರದಲ್ಲಿ ಓದಿದ್ದರಿಂದ ಅಕ್ಷರ ದಕ್ಕಿತು. ಮುಂದೆ ದಿಂಬಂ ಘಾಟಿಯ ಮೇಲಿನ ತಾಳವಾಡಿಯಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತನಾದೆ.

ಹಳ್ಳಿಯಲ್ಲಿ ಅಮ್ಮನ ಹಬ್ಬ ಮುಗಿದ ಮಾರನೆಯ ದಿನ ಗುಡಿಯ ಮುಂದೆ ಏಲಂ ನಡೆಯುತ್ತಿತ್ತು. ನಿಂಬೆಹಣ್ಣು, ತೆಂಗಿನಕಾಯಿ, ಅಮ್ಮನಿಗೆ ಉಡಿಸಿದ ಸೀರೆ. ಒಂದು ವರ್ಷ ಆ ಸೀರೆಗೆ ಊರಿನ ದೊಡ್ಡ ಹಿಡುವಳಿದಾರರು ಬೆಲೆ ಹೇಳಿ ಬೀಡಾ ಮೆಲ್ಲುತ್ತ ಕೂತಿದ್ದರು. ಎರಡನೆಯ ಕೂಗು ಆಗಿತ್ತು. ಆಗ ಹಿಂದಿನಿಂದ ಹೆಂಗಸೊಬ್ಬಳ ದನಿ ಎರಡು ರೂಪಾಯಿ ಏರಿಸಿತು. ಅವರು ತಿರುಗಿ ನೋಡಿದರು. ಕಳೆ ಕೀಳುವ ಕೂಲಿಯ ಮುದುಕಿ. ಮಗಳಿಗೆ ಆ ತಿಂಗಳು ಮದುವೆ ಗೊತ್ತಾಗಿತ್ತು. ಅವರು ಏನೂ ಹೇಳಲಿಲ್ಲ. ಮತ್ತೆ ಮೂರು ಕೂಗಾಯಿತು, ಸೀರೆ ಮುದುಕಿಗೆ ಹೋಯಿತು. ಅಪ್ಪ ಇದನ್ನು ಹಲವು ಸಲ ಹೇಳುತ್ತಿದ್ದರು. ಹೇಳುವಾಗಲೆಲ್ಲ ಹಿಡುವಳಿದಾರರ ಔದಾರ್ಯವನ್ನು ಹೊಗಳುತ್ತಿದ್ದರೇ ಹೊರತು ಮುದುಕಿಯ ಧೈರ್ಯವನ್ನಲ್ಲ. ಅದು ಆ ಕಾಲದ ಅಭ್ಯಾಸ.

ಇನ್ನು ಪುಸ್ತಕದ ವಿಷಯ. ಮೂರು ವರ್ಷದ ಹಿಂದೆ ಮೊಮ್ಮಗ ತನ್ನ ಫೋನಿನಲ್ಲಿ ಒಂದು ಆನ್‌ಲೈನ್ ಹರಾಜನ್ನು ತೋರಿಸಿದ. ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಮೂಲ ಮುದ್ರಣ. ಅದೇ ಮಿಷನ್ನಿನ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಮಂಗಳೂರಿನಲ್ಲೇ ಬಂದಿತ್ತೆಂಬುದನ್ನು ಈ ಸಂಚಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಬೆನ್ನು ಹರಿದ ಪ್ರತಿ, ಆದರೆ ಪುಟಗಳು ಪೂರ್ತಿಯಾಗಿದ್ದವು. ಬರೀ ಅರ್ಥ ನೋಡುವುದಕ್ಕಾದರೆ ಮರುಮುದ್ರಣಗಳಿವೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಮದರಾಸು ವಿಶ್ವವಿದ್ಯಾನಿಲಯದ ಸಂಪುಟಗಳು ನನ್ನಲ್ಲೇ ಇವೆ. ನನಗೆ ಬೇಕಾಗಿದ್ದದ್ದು ಆ ಹಳೆಯ ಕಾಗದ. ಆಸೆ ಎಂದರೆ ಆಸೆಯೇ.

ಹರಾಜು ಏಳು ದಿನ. ಕೊಡಬಲ್ಲ ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಟ್ಟರೆ ಯಂತ್ರವೇ ನಮ್ಮ ಪರವಾಗಿ ಸ್ವಲ್ಪಸ್ವಲ್ಪ ಏರಿಸುತ್ತ ಹೋಗುತ್ತದೆ. ಗೆದ್ದವನು ಕೊಡಬೇಕಾದದ್ದು ಎರಡನೆಯವನಿಗಿಂತ ಒಂದು ಮೆಟ್ಟಿಲು ಹೆಚ್ಚು, ಅಷ್ಟೆ. ಹಾಗಿದ್ದರೆ ಮೊದಲ ದಿನವೇ 7,000 ಎಂದು ಬರೆದು ಮಲಗಬಹುದಿತ್ತಲ್ಲ? ಮೊಮ್ಮಗ ನಕ್ಕ. "ತಾತ, ಈಗ ಹಾಕಿದ್ರೆ ಬೇರೆಯವ್ರಿಗೆ ಆಸೆ ಹುಟ್ಟುತ್ತೆ. ಕೊನೇ ಐದು ಸೆಕೆಂಡಿನಲ್ಲಿ ಹಾಕೋಣ" ಎಂದ. ಹಾಗೇ ಮಾಡಿದೆವು. ಗಡಿಯಾರ ಸೊನ್ನೆಗೆ ಬಂತು. 4,600 ರೂಪಾಯಿಗೆ ಕಿಟೆಲ್ ನನ್ನದಾಯಿತು. ಆ ವಯಸ್ಸಿನಲ್ಲಿ ನನ್ನ ಎದೆ ಹಾಗೆ ಬಡಿದುಕೊಂಡದ್ದು ನೆನೆದರೆ ಈಗಲೂ ನಾಚಿಕೆ.

ನಾಲ್ಕು ದಿನ ಕಳೆದು ತಾಳವಾಡಿಯಿಂದ ಫೋನು. ನನ್ನ ಹಳೆಯ ಶಿಷ್ಯ, ಈಗ ಅವನೂ ಮೇಷ್ಟ್ರು. ಶಾಲೆಯ ಮಕ್ಕಳಿಗೆ ತೋರಿಸಲೆಂದು ಒಂದು ಹಳೆಯ ನಿಘಂಟಿಗೆ ವಾರವಿಡೀ ಕಾದಿದ್ದನಂತೆ. ಇಬ್ಬರು ಸಹೋದ್ಯೋಗಿಗಳು ಚಂದಾ ಹಾಕಿದ್ದರಂತೆ. "ಕೊನೇ ಗಳಿಗೇಲಿ ಯಾವನೋ ಕಿತ್ಕೊಂಡ, ಸಾರ್" ಎಂದ. ನಾನು "ಅಯ್ಯೋ" ಎಂದೆ, ಅಷ್ಟೆ. ನಿಜ ಹೇಳಲು ಎರಡು ವಾರ ಹಿಡಿಯಿತು.

ಆ ಎರಡು ವಾರ ನಾನು ನನ್ನ ಪರವಾಗಿ ವಕೀಲಿ ಮಾಡಿಕೊಂಡೆ. ಸುಳ್ಳು ಹೇಳಲಿಲ್ಲ. ನಿಯಮ ಮೀರಲಿಲ್ಲ. ಇದು ಹೊಸ ಉಪಾಯವೂ ಅಲ್ಲ. ಇಂಗ್ಲೆಂಡಿನಲ್ಲಿ ಮೋಂಬತ್ತಿ ಹಚ್ಚಿಟ್ಟು, ಅದು ಆರುವ ಮೊದಲು ಕೊನೆಗೆ ಕೂಗಿದವನಿಗೆ ಮಾಲು ಕೊಡುವ ಹರಾಜು ಇತ್ತು. ನೌಕಾಪಡೆಯ ಕಚೇರಿಯಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ 1662ರ ಸೆಪ್ಟೆಂಬರಿನ ದಿನಚರಿಯಲ್ಲಿ ಅಂಥ ಒಂದು ಹಡಗಿನ ಹರಾಜನ್ನು ವರ್ಣಿಸಿದ್ದಾನೆ. ಒಬ್ಬ ಜಾಣ ಪ್ರತಿ ಸಲವೂ ಕೊನೆಯ ಕೂಗನ್ನು ತಾನೇ ಕೂಗುತ್ತಿದ್ದ. ಕೇಳಿದರೆ, ಬತ್ತಿ ಆರುವ ಮುನ್ನ ಹೊಗೆ ಕೆಳಮುಖವಾಗುತ್ತದೆ, ಅದನ್ನು ನೋಡಿ ಕೂಗುತ್ತೇನೆ ಎಂದನಂತೆ. ಅವನನ್ನು ಯಾರೂ ಕಳ್ಳನೆನ್ನಲಿಲ್ಲ.

ಇನ್ನೊಂದು ವಿಷಯವೂ ತಿಳಿಯಿತು. ಆಲ್ವಿನ್ ರಾತ್, ಆಕ್ಸೆಲ್ ಒಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಎರಡು ಹರಾಜುಗಳನ್ನು ಹೋಲಿಸಿ ಬರೆದರು. ಈಬೇ ಹರಾಜು ಗೊತ್ತಾದ ಗಳಿಗೆಗೆ ಮುಗಿಯುತ್ತಿತ್ತು. ಅಮೆಜಾನ್ ಆಗ ನಡೆಸುತ್ತಿದ್ದ ಹರಾಜಿನಲ್ಲಿ, ಹೊತ್ತು ಮುಗಿದರೂ, ಕೊನೆಯ ಬಿಡ್ ಆಗಿ ಹತ್ತು ನಿಮಿಷ ಯಾರೂ ಮಾತಾಡದಿದ್ದರೆ ಮಾತ್ರ ಮುಗಿಯಿತೆಂದು ಲೆಕ್ಕ. ಕೊನೆಯ ಗಳಿಗೆಯಲ್ಲಿ ಮೇಲೆ ಬೀಳುವವರು ಈಬೇಯಲ್ಲೇ ಬಹಳ ಹೆಚ್ಚು. ಅಂದರೆ ಗುಣ ಜನರದಷ್ಟೇ ಅಲ್ಲ, ಗಡಿಯಾರದ್ದೂ ಹೌದು. ಆ ಹತ್ತು ನಿಮಿಷವನ್ನು ಓದಿದಾಗ ನನಗೆ ಗುಡಿಯ ಮುಂದಿನ ಎರಡನೆಯ ಕೂಗು, ಮೂರನೆಯ ಕೂಗು ನೆನಪಾದವು. ಆ ಕೂಗು ಬೆಲೆ ಏರಿಸುವುದಕ್ಕೆ ಮಾತ್ರವೆಂದು ತಿಳಿದಿದ್ದೆ. ಇನ್ನು ಯಾರಾದರೂ ಇದ್ದೀರಾ ಎಂದು ಊರನ್ನು ಕೇಳುವ ಮಾತೂ ಅದಾಗಿತ್ತು.

ಆದರೆ ಗುಡಿಯ ಅಂಗಳವನ್ನೂ ಹೊಗಳಲಾರೆ. ಅಲ್ಲಿಗೆ ಕಾಲಿಡಲು ಬಿಡದವರೂ ಊರಲ್ಲಿದ್ದರು; ಅವರನ್ನು ಯಾವ ಕೂಗೂ ಕೇಳಲಿಲ್ಲ. ಇದ್ದವರಲ್ಲಿಯೂ ದೊಡ್ಡವರ ಎದುರು ಬಾಯಿ ತೆರೆಯಲು ಅಂಜಿದವರೇ ಹೆಚ್ಚು. ಅಪ್ಪ ಹತ್ತಿ ಹಾಕುತ್ತಿದ್ದ ಏಲದಲ್ಲಿ ವರ್ತಕರು ಬೆಲೆಯನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವ ಪದ್ಧತಿ ಇತ್ತು. ಬಹಿರಂಗವಾಗಿ ಕೂಗಿದರೆ ಒಬ್ಬರಿಗೊಬ್ಬರು ಕಣ್ಣುಸನ್ನೆ ಮಾಡಿ ರೈತನ ಹೊಟ್ಟೆಗೆ ಹೊಡೆಯುತ್ತಾರೆಂದೇ ಅದು. ಮುಖ ಕಾಣದಿರುವುದು ಬಡವನಿಗೆ ರಕ್ಷಣೆಯೂ ಆಗಬಲ್ಲದು. ಆ ಸೀರೆಯ ಮುದುಕಿಗೆ ಫೋನಿದ್ದರೆ, ಅವಳೂ ಕೊನೆಯ ಐದು ಸೆಕೆಂಡನ್ನೇ ಆರಿಸಿಕೊಳ್ಳುತ್ತಿದ್ದಳೋ ಏನೋ. ಅವಳನ್ನು ತಪ್ಪೆನ್ನಲು ನನ್ನಿಂದಾಗದು. ಆದರೆ ನಾನು ಯಾರಿಗೂ ಅಂಜಿ ಬಚ್ಚಿಟ್ಟುಕೊಂಡವನಲ್ಲ.

ಕಡೆಗೆ ತಾಳವಾಡಿಗೆ ಪುಸ್ತಕ ಹೊತ್ತುಕೊಂಡೇ ಬಸ್ ಹತ್ತಿದೆ. ಕೇಳಿ ಅವನು ಸಿಟ್ಟಾಗಲಿಲ್ಲ. ಲೆಕ್ಕ ಹಾಕಿದ. ಅವನ ಗರಿಷ್ಠ 4,500. ಹೊತ್ತಿದ್ದಿದ್ದರೆ ಇನ್ನೊಂದು ಸಾವಿರ ಹೊಂದಿಸುತ್ತಿದ್ದ. ಆಗಲೂ ನನ್ನ 7,000ದ ಮುಂದೆ ಸೋಲುತ್ತಿದ್ದ, ಲಾಭ ಮಾರಿದವನಿಗೆ. "ಹಂಗಾಗಿ ನೀವು ನಂಗೇನೂ ಮೋಸ ಮಾಡ್ಲಿಲ್ಲ ಬಿಡಿ, ಸಾರ್" ಎಂದ. ಆಮೇಲೆ ತುಸು ತಡೆದು, "ನಾನು ಅಂತ ಗೊತ್ತಿದ್ರೆ ಬಿಟ್ಕೊಡ್ತಿದ್ರಾ?" ಎಂದು ಕೇಳಿದ.

ಹೂಂ ಎಂದೆ, ಕೂಡಲೆ. ನಿಜವೇ ಇರಬೇಕು. ಆದರೆ ಗೊತ್ತಾಗುವ ದಾರಿಯನ್ನು ಮುಚ್ಚಿದವನು ನಾನೇ ಅಲ್ಲವೇ? ಏಳು ದಿನ ಆ ಪರದೆಯ ಮೇಲೆ ಯಾರೋ ಒಬ್ಬರು ನೂರು ನೂರಾಗಿ ಏರಿಸುತ್ತಿದ್ದುದನ್ನು ನೋಡಿದ್ದೆ. ವ್ಯಾಪಾರಿಯಾದರೆ ಹೀಗೆ ಏರಿಸುವುದಿಲ್ಲ, ಇದು ದುಡ್ಡು ಎಣಿಸಿ ಎಣಿಸಿ ಹಾಕುವ ಕೈ ಎಂದು ಒಮ್ಮೆ ಅನ್ನಿಸಿಯೂ ಇತ್ತು. ಆ ಯೋಚನೆಯನ್ನು ಮುಂದುವರಿಸಲಿಲ್ಲ.

ಪುಸ್ತಕವನ್ನು ಅವನು ತೆಗೆದುಕೊಳ್ಳಲಿಲ್ಲ. "ನಿಮ್ಮದು ಸಾರ್, ನಿಯಮದ ಪ್ರಕಾರ ನಿಮ್ಮದು" ಎಂದು ಎರಡು ಸಲ ಹೇಳಿದ. ಮಕ್ಕಳಿಗೆ ಒಂದು ಗಂಟೆ ತೋರಿಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೇ ಹಾಕಿದ. ಇಳಿಜಾರಿನ ಇಪ್ಪತ್ತೇಳು ತಿರುವುಗಳುದ್ದಕ್ಕೂ ಅದು ತೊಡೆಯ ಮೇಲೆ ಭಾರವಾಗಿತ್ತು. ಜೂನಿನಲ್ಲಿ ಶಾಲೆ ತೆರೆದಾಗ ಮತ್ತೊಮ್ಮೆ ಕೊಟ್ಟು ನೋಡಬೇಕೆಂದಿದ್ದೇನೆ.