ಕಂಡ ಮೇಲಿನ ಹೊಣೆ

ಕಾಣದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ಕಂಡೂ ಮಾಡಿದ ತಪ್ಪಿಗೆ? ಈ ಹಳೆಯ ಪ್ರಶ್ನೆ ಒಂದು ಯಂತ್ರದ ನೆಪದಲ್ಲಿ ನಮ್ಮ ಮನೆಯ ಜಗುಲಿಯಿಲ್ಲದ ಎರಡು ಕೋಣೆಗಳೊಳಗೂ ಬಂದು ಕುಳಿತ ಬಗೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ಭಾವಮೈದುನ ಮಲ್ಪೆಯಲ್ಲಿ ಒಂದು ಪರ್ಸೀನ್ ಬೋಟಿನ ಪಾಲುದಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಆ ಬಿಡುವಿನಲ್ಲಿ ಆತ ಮುಂಬಯಿಗೆ ಬಂದಿದ್ದ. ಬೋಟಿನ ಫಿಶ್ ಫೈಂಡರ್ ಕೆಟ್ಟುಹೋಗಿತ್ತು, ಹೊಸದು ಬೇಕು. "ಭಾವ, ನೀವು ಬಿ.ಎಸ್ಸಿ. ಓದಿದವರು. ಯಾವುದು ಕೊಳ್ಳಲಿ ಹೇಳಿ" ಎಂದ. ಕಚೇರಿಯ ಪತ್ತಿನ ಸಂಘದಿಂದ ಸ್ವಲ್ಪ ಸಾಲ ಎತ್ತಿಕೊಡಬೇಕೆಂಬ ಮಾತು ಊಟವಾದ ಮೇಲೆ ಬಂತು. ವರ್ಷಗಟ್ಟಲೆ ಕಡತ ಕಟ್ಟಿದ ನಮ್ಮನ್ನು ಭೌತಶಾಸ್ತ್ರ ಕೇಳಿದವನು ಅವನೊಬ್ಬನೇ. ಹಿಗ್ಗಿನಿಂದಲೇ ಕುಳಿತೆವು.

ಯಂತ್ರದ ತತ್ತ್ವ ಸರಳ. ದೋಣಿಯ ಅಡಿಯಿಂದ ಕಿವಿಗೆ ಕೇಳದ ಶಬ್ದವನ್ನು ನೀರಿಗೆ ಬಿಡುತ್ತಾರೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 75 ಮೀಟರ್ ಆಳದ ತಳ ಮುಟ್ಟಿ ಮರಳಲು ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ನಡುವೆ ಮೀನಿದ್ದರೆ ಅದರ ಹೊಟ್ಟೆಯ ಗಾಳಿಚೀಲಕ್ಕೆ ತಾಗಿ ಪ್ರತಿಧ್ವನಿ ಬೇಗ ಬರುತ್ತದೆ. 50 ಕಿಲೋಹರ್ಟ್ಸಿನ ಶಬ್ದ ಆಳಕ್ಕೆ ಇಳಿಯುತ್ತದೆ, ಆದರೆ ಚಿತ್ರ ಒರಟು. 200 ಕಿಲೋಹರ್ಟ್ಸಿನದು ಹೆಚ್ಚು ಆಳಕ್ಕೆ ಹೋಗದು, ಆದರೆ ಚಿತ್ರ ಸ್ಪಷ್ಟ. ದುಬಾರಿ ಯಂತ್ರಗಳು ಒಂದೇ ಕಂಪನಾಂಕಕ್ಕೆ ನಿಲ್ಲದೆ ಹಲವನ್ನು ಸಾಲಾಗಿ ಬಿಟ್ಟು, ಅಂಟಿಕೊಂಡಂತೆ ಕಾಣುವ ಮೀನುಗಳನ್ನೂ ಬಿಡಿಸಿ ತೋರಿಸುತ್ತವೆ. ಬಿಡಿ ಮೀನಿನ ಉದ್ದವನ್ನು ಅಂದಾಜು ಮಾಡುವಂಥವೂ ಇವೆ. ಹಿಂಡು ಒತ್ತಾಗಿದ್ದರೆ ಆ ಅಂದಾಜನ್ನು ನೆಚ್ಚುವಂತಿಲ್ಲ. ಅಂಚಿನ ಮೀನುಗಳನ್ನು ನೋಡಿ ತಾಂಡೇಲನೇ ಊಹಿಸಬೇಕು.

ಹಿಂದೆ ಈ ಕೆಲಸವನ್ನು ಕಣ್ಣೇ ಮಾಡುತ್ತಿತ್ತು. ನೀರಿನ ಬಣ್ಣ, ಹಕ್ಕಿಗಳ ಹಾರಾಟ, ಇರುಳಿನಲ್ಲಿ ಹಿಂಡು ಸರಿದಾಗ ನೀರಿನಲ್ಲೇಳುವ ಬೆಳಕು, ಇವೇ ಗುರುತುಗಳು. ರಂಪಣಿ ಬಲೆಯನ್ನು ದಂಡೆಯಿಂದ ಎಳೆಯುತ್ತಿದ್ದ ಕಾಲದಲ್ಲಿ ದಡದ ಬಳಿಗೆ ಬಂದ ಬಂಗುಡೆ ಮಾತ್ರ ಮನುಷ್ಯನ ಪಾಲು. ಆಚೆಯದನ್ನು ಕಡಲೇ ಬಚ್ಚಿಟ್ಟುಕೊಳ್ಳುತ್ತಿತ್ತು. ನಮ್ಮ ಹಿರಿಯರು ಮಿತದಲ್ಲಿದ್ದರೆಂದು ಹೊಗಳುತ್ತೇವೆ. ಅದರಲ್ಲಿ ಗುಣ ಎಷ್ಟು, ಕೈಗೆಟುಕದ್ದು ಎಷ್ಟು ಎಂದು ವಿಚಾರಿಸುವುದಿಲ್ಲ.

1948ರಲ್ಲಿ ಜಪಾನಿನ ನಾಗಾಸಾಕಿ ಪ್ರಾಂತದಲ್ಲಿ ಫುರುನೋ ಸಹೋದರರು ಬಳಕೆಗೆ ಒದಗುವ ಫಿಶ್ ಫೈಂಡರನ್ನು ತಂದ ಮೇಲೆ ಕಡಲಿನ ಆ ಮರೆ ಸರಿಯುತ್ತ ಬಂತು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನ ಕಥೆ ಇಲ್ಲಿ ನೆನೆಯತಕ್ಕದ್ದು. ಅಲ್ಲಿ ಮೀನು ಕಡಿಮೆಯಾಗುತ್ತಿದ್ದರೂ ದೊಡ್ಡ ಹಡಗುಗಳು ಉಳಿದ ಹಿಂಡುಗಳನ್ನು ಹುಡುಕಿ ಹಿಡಿಯುತ್ತಿದ್ದವು. ಬಲೆ ತುಂಬಿ ಬರುತ್ತಿದ್ದುದರಿಂದ ಕಡಲೂ ತುಂಬಿದೆ ಎಂದೇ ಬಹುಮಂದಿ ನಂಬಿದರು. 1992ರ ಜುಲೈ 2ರಂದು ಸರಕಾರ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಮಂದಿಯ ಕೆಲಸ ಹೋಯಿತು. ನಿಷೇಧ ತೆರವಾದುದು 2024ರಲ್ಲಿ. ಮೀನು ಆಗಲೂ ಮೊದಲಿನಂತಾಗಿರಲಿಲ್ಲ. ಯಂತ್ರವೊಂದೇ ಕಾರಣವಲ್ಲ, ನಿಜ. ಆದರೆ ಕಾಣಿಸುವ ಯಂತ್ರವೇ ಕೊರತೆಯನ್ನು ಮರೆಮಾಡಿತೆಂಬುದು ವಿಚಾರ ಮಾಡಬೇಕಾದ ಸಂಗತಿ.

ಇದನ್ನೆಲ್ಲ ಹೇಳಿ, "ಯಂತ್ರವೇ ಇಲ್ಲದೆ ಹೋದರಾಗದೆ?" ಎಂದು ಕೇಳಿದೆವು. ಆತ ನಕ್ಕ. "ಸಂಬಳ ಬರುವವರು ನೀವು. ಡೀಸೆಲ್ ಸುಟ್ಟು ಇಡೀ ದಿನ ತಿರುಗಿ ಬರಿಗೈಯಲ್ಲಿ ಬಂದರೆ ಕಲಾಸಿಗಳ ಮನೆಯ ಒಲೆ ಉರಿಯುವುದು ಹೇಗೆ ಭಾವ? ಬಂಡೆಗೆ ಸಿಕ್ಕಿ ಬಲೆ ಹರಿದರೆ?" ನಮಗೆ ನಾಚಿಕೆಯಾಯಿತು. ಅನ್ನದ ಚಿಂತೆಯಿಲ್ಲದವನ ಉಪದೇಶ ಅಗ್ಗದ್ದು. ಅಲ್ಲದೆ ಬೆಲೆ ಕಡಿಮೆಯೆಂದು ಬೆರಳುದ್ದದ ಬಂಗುಡೆಯನ್ನು ಚೀಲ ತುಂಬ ತಂದವರಲ್ಲಿ ನಾವೂ ಇದ್ದೇವೆ.

ಆಮೇಲೆ ಆತನೇ ಹೇಳಿದ ಒಂದು ಮಾತು ನಮ್ಮ ವಿಚಾರದ ದಾರಿ ತಿರುಗಿಸಿತು. ಪರ್ಸೀನ್ ಬಲೆ ಸುತ್ತಿ ಎಳೆದ ಮೇಲೆ ಮರಿಯೆಂದು ತಿಳಿದರೂ ಪ್ರಯೋಜನವಿಲ್ಲ; ಕಡಲಿಗೆ ಬಿಟ್ಟರೂ ಹೆಚ್ಚಿನವು ಬದುಕವು. ಅವು ಹೋಗುವುದು ಮೀನುಹುಡಿಯ ಕಾರ್ಖಾನೆಗೆ. ಹಾಗಾದರೆ ಬಿಡುವ ನಿರ್ಧಾರವನ್ನು ಬಲೆ ಇಳಿಸುವ ಮೊದಲೇ ಮಾಡಬೇಕು. ಅದಕ್ಕೆ ಕಾಣಲೇಬೇಕು. ಹೆಚ್ಚು ಹಿಡಿಯಲು ನೆರವಾಗುವ ಕಣ್ಣೇ ಹಿಡಿಯದಿರಲೂ ನೆರವಾಗಬಲ್ಲದು. ಆದ್ದರಿಂದ, ಕೊಳ್ಳುವುದಾದರೆ ದೊಡ್ಡದು ಸಣ್ಣದನ್ನು ಬೇರೆ ಮಾಡಿ ತೋರಿಸುವುದನ್ನೇ ಕೊಳ್ಳೆಂದೆವು. ಆದರೆ ಅದನ್ನು ಕೊಂಡ ದಿನದಿಂದ "ಗೊತ್ತಿರಲಿಲ್ಲ" ಎಂಬ ಮಾತು ನಿನಗೆ ಸಲ್ಲದು; ಬೆಲೆಯಲ್ಲಿ ಅದೂ ಸೇರಿದೆ ಎಂದೆವು.

"ನಾನು ಬಿಟ್ಟದ್ದನ್ನು ಪಕ್ಕದ ಬೋಟಿನವ ಹಿಡಿದರೆ?"

ಇದೇ ಗಟ್ಟಿ ಪ್ರಶ್ನೆ. ಒಬ್ಬನ ಸಂಯಮ ಇನ್ನೊಬ್ಬನ ಲಾಭವಾದರೆ ಸಂಯಮಿಯನ್ನು ಲೋಕ ದಡ್ಡನೆನ್ನುತ್ತದೆ. ಮಳೆಗಾಲದ ಎರಡು ತಿಂಗಳು ಆತ ನೆಮ್ಮದಿಯಿಂದ ನಮ್ಮಲ್ಲಿ ಕುಳಿತಿದ್ದನಲ್ಲ, ಅದು ಬೇರೆಯವರೂ ಕಡಲಿಗಿಳಿದಿರಲಿಲ್ಲವೆಂದೇ. ಕೇರಳದಲ್ಲಿ 2015ರಲ್ಲಿ ಬಂಗುಡೆಗೆ 14, ಬೂತಾಯಿಗೆ 10 ಸೆಂಟಿಮೀಟರ್ ಎಂದು ಕನಿಷ್ಠ ಉದ್ದ ಗೊತ್ತುಮಾಡಿದರು. ಇಂಥ ಕಟ್ಟಳೆ ಒಳ್ಳೆಯವನಿಗೆ ಒಳ್ಳೆಯವನಾಗಿ ಉಳಿಯಲು ಆಸರೆ ಕೊಡುತ್ತದೆ. ಆದರೆ ಕಟ್ಟಳೆ ಬರುವ ತನಕ, ಬಂದರೂ ಕಾವಲಿಲ್ಲದ ನಡುಗಡಲಿನಲ್ಲಿ, ಮೊದಲು ಕೈ ಹಿಂತೆಗೆಯುವವನು ನಷ್ಟ ಅನುಭವಿಸಲೇಬೇಕು. ಆ ನಷ್ಟವನ್ನು ಅವನೊಬ್ಬನ ತಲೆಗೇ ಬಿಟ್ಟು ಪಟ್ಟಣದಲ್ಲಿ ಕುಳಿತ ನಾವು ಧರ್ಮ ನುಡಿಯುವುದು ನ್ಯಾಯವಲ್ಲ.

ಸಾಲದ ಕಾಗದಕ್ಕೆ ಸಹಿ ಹಾಕಿದೆವು. ಆಗಸ್ಟಿನ ಒಂದು ರಾತ್ರಿ ಆತನ ಫೋನ್ ಬಂತು. "ಮರಿ ಹಿಂಡು ಕಂಡಿತು ಭಾವ, ತಾಂಡೇಲನಿಗೆ ಹೇಳಿ ಬಿಡಿಸಿದೆ. ಅರ್ಧ ಗಂಟೆಯೊಳಗೆ ಇನ್ನೊಂದು ಬೋಟು ಸುತ್ತಿತು. ಕಲಾಸಿಗಳು ನನ್ನ ಹತ್ತಿರ ಮಾತಾಡುತ್ತಿಲ್ಲ." ಏನು ಹೇಳುವುದೆಂದು ನಮಗೆ ತೋಚಲಿಲ್ಲ. ಆ ತಿಂಗಳ ಕಂತು ಈ ಸಲ ಕಳಿಸುವುದು ಬೇಡ, ನಾವೇ ಕಟ್ಟುತ್ತೇವೆ ಎಂದೆವು.

ಭಾನುವಾರ ಪೇಟೆಯಲ್ಲಿ ಅಂಗೈಯಷ್ಟೂ ಇಲ್ಲದ ಬಂಗುಡೆಯನ್ನು ರಾಶಿ ಹಾಕಿದ್ದರು. ಬೆಲೆ ಕೇಳದೆ ಮುಂದೆ ನಡೆದೆವು. ಮನೆಯಲ್ಲಿ ಅಂದು ತೊಂಡೆಕಾಯಿ ಪಲ್ಯ. ಮಕ್ಕಳು ಗೊಣಗಿದವು, ಕಾರಣವನ್ನು ಹೇಳಿದೆವು.